ಉಂಟುಹಾಸಿಕ

ಕಾದಂಬರಿಕಾರರು ಕಾದಂಬರಿ ಬರೆದು ಕೈ ತೊಳೆದುಕೊಳ್ಳಬಹುದು. ಸೃಜನಶೀಲ ಬರವಣಿಗೆಯಲ್ಲಿ ಪಿಎಚ್‌ಡಿ ಮಾಡುವವರಿಗೆ ಆ ಸುಖವಿಲ್ಲ. ಕಾದಂಬರಿಯನ್ನೂ ಬರೆಯಬೇಕು, ಅದನ್ನು ಹಾಗೆಯೇ ಏಕೆ ಬರೆದೆ ಎಂದು ಒಂದು ಪ್ರಬಂಧವನ್ನೂ ಬರೆಯಬೇಕು. ಪರ್ಕಳದ ನಾಗವೇಣಿಗೆ ಮೊದಲನೆಯದು ಹೇಗೋ ಒಲಿದಿತ್ತು. ಎರಡನೆಯದು ತಲೆ ತಿನ್ನುತ್ತಿತ್ತು.

ಅವಳ ಕಾದಂಬರಿಯ ನಾಯಕಿ ಬಾದಾಮಿ ಕಡೆಯಿಂದ ಘಟ್ಟ ಇಳಿದು ದುಡಿಯಲು ಬಂದ ಹೆಂಗಸು. ಬೇರೆ ಯಾರೂ ಅಲ್ಲ, ಅವಳ ತಾಯಿ ಯಮನವ್ವನೇ. ಮಣಿಪಾಲದ ಕಟ್ಟಡಗಳಿಗೆ ಕೆಂಪುಕಲ್ಲು ಹೊತ್ತು ಸೊಂಟ ಸೋತ ಮೇಲೆ ಯಮನವ್ವ ಪರ್ಕಳದ ಹೋಟೆಲೊಂದರಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಕಾದಂಬರಿಯುದ್ದಕ್ಕೂ ನಾಯಕಿ ಬಾದಾಮಿಯ ಕನ್ನಡವನ್ನೇ ಆಡುತ್ತಿದ್ದಳು. ಅನ್ನ ಐತಿ, ನೀರು ಐತಿ, ದುಃಖ ಐತಿ.

ಮಾರ್ಗದರ್ಶಕಿ ಕುಶಲಾ ಮೇಡಂ ಅಲ್ಲಿಗೇ ಬೆರಳಿಟ್ಟರು. “ಎಂತ ಮಾರಾಯ್ತಿ ಇದು? ಇವಳು ಈ ಊರಿನವಳೇ ಆಗಿಹೋದಳು ಅಂತ ಪ್ರಬಂಧದಲ್ಲಿ ಬರೆದಿದ್ದಿ. ಇಷ್ಟು ವರ್ಷ ಇಲ್ಲಿದ್ದವಳ ಬಾಯಲ್ಲಿ ಒಂದು ಉಂಟು ಬೇಡವಾ?”

ನಾಗವೇಣಿಗೆ ಅದೂ ಸರಿಯೆನಿಸಿತು. ಅವಳ ತೊಂದರೆಯೇ ಅದು, ಯಾರು ಏನೆಂದರೂ ಸರಿಯೆನಿಸುತ್ತಿತ್ತು. ಪರಿಶೀಲನಾ ಸಮಿತಿಯ ಸಭೆಗೆ ಎರಡೇ ದಿನವಿತ್ತು. ಕಳೆದ ಸಲವೇ ಸಮಿತಿ ಎಚ್ಚರಿಸಿತ್ತು: ಇನ್ನೊಮ್ಮೆ ಗೊಂದಲ ಕಂಡರೆ ನೋಂದಣಿ ರದ್ದು. ಅವಸರದಲ್ಲಿ ಅವಳು ಕಾದಂಬರಿ, ಪ್ರಬಂಧ ಎರಡೂ ಒಟ್ಟಿಗಿದ್ದ ಕಡತ ತೆರೆದು ಕಂಪ್ಯೂಟರಿಗೆ ಒಂದೇ ಆಜ್ಞೆ ಕೊಟ್ಟಳು. ‘ಐತಿ’ ಕಂಡಲ್ಲೆಲ್ಲ ‘ಉಂಟು’ ಹಾಕು. ಹಾಕಿತು. ಮರಳಿ ಓದದೆ ಕಳಿಸಿಬಿಟ್ಟಳು.

ಸಭೆಯ ದಿನ ಪರದೆಯ ಮೇಲೆ ಪ್ರಬಂಧದ ಮೊದಲ ಅಧ್ಯಾಯ ಮೂಡಿತು: ‘ವಲಸೆಯ ಉಂಟುಹಾಸಿಕ ಹಿನ್ನೆಲೆ’.

ಕೋಣೆಯಲ್ಲಿ ನಗೆ ಸಿಡಿಯಿತು. ‘ಐತಿಹಾಸಿಕ’ದೊಳಗೂ ಒಂದು ‘ಐತಿ’ ಅಡಗಿದೆಯೆಂದು ಅವಳಿಗೆ ಹೊಳೆದಿರಲಿಲ್ಲ. ಕುಶಲಾ ಮೇಡಂ ಕೂಡ ಕಣ್ಣೊರೆಸಿಕೊಂಡು ನಕ್ಕರು. ಮಾನ ಉಳಿಸಿಕೊಳ್ಳಲು ನಾಗವೇಣಿಯೂ ನಕ್ಕಳು.

ಸಮಿತಿಯ ಹಿರಿಯರೊಬ್ಬರು ಕಾದಂಬರಿಯ ಪುಟ ತೆರೆದರು. “ಅದು ಬಿಡಿ, ಬೆರಳಿನ ತಪ್ಪು. ಇದು ಎಂತ? ನಿಮ್ಮ ನಾಯಕಿ ‘ನೀರು ಉಂಟು’ ಅಂತಾಳೆ, ಮರುಸಾಲಲ್ಲೇ ‘ಜೀವದಾಗ ಏನೈತಿ’ ಅಂತಾಳೆ. ಒಂದು ಬಾಯಿಗೆ ಎರಡು ನಾಲಗೆಯಾ? ಒಂದೋ ಇದನ್ನು ಸರಿ ಮಾಡಿ, ಇಲ್ಲ ಕಾರಣ ಬರೆದು ಕೊಡಿ. ನಾಳೆಯೊಳಗೆ ಆಗದಿದ್ದರೆ ಮುಂದುವರಿಸಲಿಕ್ಕೆ ನಾವು ಹೇಳುವುದಿಲ್ಲ.”

ಏನೈತಿ, ಎಲ್ಲೈತಿ, ಹೆಂಗೈತಿ. ಹಿಂದಿನ ಅಕ್ಷರಕ್ಕೆ ಅಂಟಿಕೊಂಡ ‘ಐತಿ’ಗಳು ಕಂಪ್ಯೂಟರಿನ ಕಣ್ಣು ತಪ್ಪಿಸಿಕೊಂಡು ಉಳಿದಿದ್ದವು. ಮನೆಗೆ ಬಂದವಳೇ ನಾಗವೇಣಿ ಅವನ್ನು ಒಂದೊಂದಾಗಿ ಅಳಿಸತೊಡಗಿದಳು. ಅಳಿಸಿದಂತೆ ನಾಯಕಿ ಯಾರೋ ಆಗುತ್ತಿದ್ದಳು. ಮೊದಲಿನಂತೆ ಎಲ್ಲವನ್ನೂ ‘ಐತಿ’ ಮಾಡಿ ನೋಡಿದಳು. ಆಗ ಮತ್ಯಾರೋ ಆದಳು. ಅವಳಿಗೆ ಅಳು ಬಂತು.

ಯಮನವ್ವ ಹೋಟೆಲಿನಿಂದ ಬಂದು ಕೈಕಾಲು ತೊಳೆದಳು. “ಅನ್ನ ಉಂಟು, ಸಾರು ಉಂಟು, ತಾಟ ತೊಗೊಂಡ್ ಬಾ,” ಎಂದವಳು ಮಗಳ ಮುಖ ಕಂಡು ನಿಂತಳು. “ಯಾಕವ್ವಾ, ಅಳಾಕತ್ತಿ? ಮನಸಿನ್ಯಾಗ ಏನೈತಿ?”

ನಾಗವೇಣಿಯ ಕೈ ನಿಂತಿತು.

“ಅವ್ವಾ, ಅನ್ನಕ್ಕ ಉಂಟು ಅಂದಿ. ಮನಸಿಗೆ ಯಾಕ ಐತಿ ಅಂದಿ?”

“ಹಂಗಂದ್ನೇನು?” ಯಮನವ್ವ ಗಾಬರಿಯಾದಳು. “ನಂಗ ಗೊತ್ತ ಆಗಿಲ್ಲ.”

“ಅಂದಿ. ದಿನಾನೂ ಹಂಗ ಅಂತಿ ಏನ?”

ಯಮನವ್ವ ತಾನೇ ತಾಟು ತಂದು ಅನ್ನ ಬಡಿಸಿದಳು. ಮುಖ ತಿರುಗಿಸಿ ಕುಳಿತು ಮೆಲ್ಲಗೆ ಹೇಳಿದಳು: “ಇಲ್ಲಿ ಐತಿ ಅಂದ್ರ ನಗ್ತಿದ್ರು, ಉಂಟು ಕಲತೆ. ಊರಿಗೆ ಹೋದಾಗ ಉಂಟು ಅಂದ್ರ ವಾರಗಿತ್ತ್ಯಾರು ನಗ್ತಾರ. ಈಗ ಮನ್ಯಾಗ ನೀನೂ ನಗಾಕ ಸುರು ಮಾಡಿದಿ?”

ಮಧ್ಯಾಹ್ನ ಎಲ್ಲರ ಜೊತೆ ತಾನೂ ನಕ್ಕದ್ದು ನಾಗವೇಣಿಗೆ ನೆನಪಾಯಿತು. ನಾಚಿಕೆಯಾಗಿ ತುತ್ತನ್ನು ತಾಟಿನಲ್ಲೇ ಬಿಟ್ಟಳು. ಅವ್ವನ ನಿಜವಾದ ಮಾತನ್ನು ಕಾದಂಬರಿಗೆ ತಂದದ್ದು ತಾನೋ ಕಂಪ್ಯೂಟರಿನ ತಪ್ಪೋ, ಅದೂ ತಿಳಿಯಲಿಲ್ಲ. ಎಡಗೈಯಲ್ಲೇ ಕುಶಲಾ ಮೇಡಂಗೆ ಫೋನ್ ಹಚ್ಚಿದಳು.

“ಮೇಡಂ, ‘ಐತಿಹಾಸಿಕ’ ಒಂದನ್ನು ಸರಿ ಮಾಡ್ತೇನೆ. ನಾಯಕಿಯ ಮಾತು ಸಭೆಯಲ್ಲಿ ಹೇಗಿತ್ತೋ ಹಾಗೆಯೇ ಇರಲಿ.”

“ಹಾಗಾದ್ರೆ ಕಾರಣ ಬರೆಯಬೇಕಲ್ವಾ? ಕಾರಣ ಎಂತ?”

ನಾಗವೇಣಿ ತಾಯಿಯ ಕಡೆ ನೋಡಿದಳು. ಯಮನವ್ವ ಇನ್ನೂ ಮುಖ ತಿರುಗಿಸಿಯೇ ಕುಳಿತಿದ್ದಳು.

“ಕಾರಣ ಉಂಟು ಮೇಡಂ. ಏನೈತಿ ಅಂತ ಗೊತ್ತಿಲ್ಲ.”

ಆ ಕಡೆ ಕುಶಲಾ ಮೇಡಂ ನಗಲಿಲ್ಲ.