ಮುಂದೆ

"ಮುಂದೆ," ಎಂದ ಅಪ್ಪ.

ಕಾರಿನ ಮೂತಿಗೆ ರಟ್ಟು ಕಟ್ಟುತ್ತಿದ್ದ ಮಗಳು ತಲೆಯೆತ್ತಿದಳು. ಅವನು ಬಾಗಿಲ ಬಳಿ ಕೋಲೂರಿ ನಿಂತಿದ್ದ. ಮೂರು ತಿಂಗಳ ಹಿಂದೆ ಲಕ್ವ ಹೊಡೆದ ಮೇಲೆ ಅವನ ಬಾಯಲ್ಲಿ ಉಳಿದಿದ್ದು ಅದೊಂದೇ ಮಾತು. ನೀರು ಬೇಕಾದರೂ ಮುಂದೆ, ಹೊದಿಕೆ ಬೇಕಾದರೂ ಮುಂದೆ.

"ಮುಂದೇನೇ ಕಟ್ತಾ ಇದೀನಪ್ಪ."

ಅವನು ತಲೆ ಕೊಡವಿದ. ಹೌದೋ ಅಲ್ಲವೋ ತಿಳಿಯಲಿಲ್ಲ.

ಇಪ್ಪತ್ತು ವರ್ಷ ಅಪ್ಪ ಬೇಕರಿಯ ಬ್ರೆಡ್ಡನ್ನು ಅಂಗಡಿಗಳಿಗೆ ಮುಟ್ಟಿಸಿದ ಕಾರು ಅದು. ಈಗ ಅವಳ ಕೈಗೆ ಬಂದಿತ್ತು. ಬೇಕರಿಯವರು ಸೋಮವಾರ ಟ್ಯಾಂಕ್ ತುಂಬಿಸಿದರೆ ಅಪ್ಪನಿಗೆ ಎಂಥ ಚಳಿಯಲ್ಲೂ ಶನಿವಾರದವರೆಗೆ ಸಾಲುತ್ತಿತ್ತು. ಅವಳಿಗೆ ಶುಕ್ರವಾರವೇ ತಳ ಕಾಣುತ್ತಿತ್ತು. "ಈ ವಾರಾನೂ ಹೀಗಾದ್ರೆ ಬೇರೆಯವರನ್ನ ನೋಡ್ಕೋತೀನಮ್ಮ," ಎಂದಿದ್ದ ಬೇಕರಿಯ ಯಜಮಾನ. ಅವಳು ಬಾಯಿ ಬಾರದವಳ ಹಾಗೆ ತಲೆಯಾಡಿಸಿ ಬಂದಿದ್ದಳು.

ಅಪ್ಪ ಏನು ಮಾಡುತ್ತಿದ್ದನೋ. ಅವನಿಗೆ ಮಾತಿದ್ದಾಗ ಕೇಳಬೇಕೆನಿಸಿರಲಿಲ್ಲ. ಹಾಗಾಗಿ ತನಗೆ ತೋಚಿದ್ದನ್ನೆಲ್ಲ ಮಾಡಿದ್ದಳು. ಟೈರಿಗೆ ಗಾಳಿ ತುಂಬಿಸಿದ್ದಳು. ಭಾರ ತಗ್ಗಲೆಂದು ತನ್ನ ಪಕ್ಕದ ಸೀಟು ಬಿಚ್ಚಿ ಗೋಡೆಗೆ ಒರಗಿಸಿದ್ದಳು. ತಣ್ಣನೆ ಗಾಳಿ ನುಗ್ಗಿದರೆ ಎಂಜಿನ್ ಬೇಗ ಕಾಯದೆ ಪೆಟ್ರೋಲು ಕುಡಿಯುತ್ತದೆಂದು ಈಗ ಈ ರಟ್ಟು.

"ಮುಂದೆ."

"ಆಮೇಲೆ ಕಟ್ಟು ಅಂತಿದಾರೆ ಕಣೆ," ಎಂದಳು ಅಮ್ಮ ಒಳಗಿನಿಂದ.

"ಆಮೇಲೆ ಅಂದ್ರೆ? ಬ್ರೆಡ್ ಹಳಸಿದ ಮೇಲಾ?"

"ನನ್ನನ್ನೇನು ಕೇಳ್ತೀಯ? ಮಾತು ಬರ್ತಿದ್ದಾಗ್ಲೇ ಅವರು ಹೇಳಿದ್ದು ನಂಗೆ ಅರ್ಥ ಆಗ್ತಿರ್ಲಿಲ್ಲ."

ರಟ್ಟನ್ನು ಕೆಳಗಿಳಿಸಿದಳು. ಅಪ್ಪ ಮತ್ತೆ ಅಂದ, ಮುಂದೆ. ಕತ್ತರಿಸಿ ಅರ್ಧ ಮಾಡಿದಳು. ಮುಂದೆ. ಕಿತ್ತು ನೆಲಕ್ಕೆ ಹಾಕಿದಳು. ಅಪ್ಪ ಕಾಲೆಳೆಯುತ್ತ ಗೋಡೆಯತ್ತ ನಡೆದು ಬಿಚ್ಚಿಟ್ಟ ಸೀಟಿಗೆ ಕೋಲಿನಿಂದ ಕುಟ್ಟಿದ.

ಅವಳು ಸೀಟನ್ನೂ ಅಪ್ಪನನ್ನೂ ನೋಡಿದಳು. ಎರಡೂ ಸೇರಿದರೆ ಎಷ್ಟು ಭಾರ? ಶನಿವಾರ ಇನ್ನೂ ನಾಲ್ಕು ದಿನ ದೂರವಿತ್ತು. ಸ್ಪ್ಯಾನರ್ ತಂದು ಸೀಟನ್ನು ಮತ್ತೆ ಕೂರಿಸಿದಳು.

"ಚೆನ್ನಾಯ್ತು," ಎಂದಳು ಅಮ್ಮ, ಅಪ್ಪನ ಕೊರಳಿಗೆ ಮಫ್ಲರ್ ಸುತ್ತುತ್ತ. "ಪೆಟ್ರೋಲ್ ಉಳಿಸೋಕೆ ಹೊರಟೋಳು ಅಪ್ಪನ್ನೂ ಹೊತ್ಕೊಂಡು ಹೋಗ್ತಾಳಂತೆ."

ಅರ್ಧ ರಟ್ಟು ಮತ್ತೆ ಕಟ್ಟಿದಳು. ಬೇಕರಿಯಲ್ಲಿ ಟ್ರೇಗಳನ್ನು ಹೇರಿಕೊಂಡು ಹೊರಟಳು. ಅಪ್ಪ ಪಕ್ಕದ ಸೀಟಿನಲ್ಲಿ ರಸ್ತೆ ನೋಡುತ್ತ ಕೂತಿದ್ದ. ಸೇತುವೆ ದಾಟಿ ಇಳಿಜಾರು ಬಂತು. ಎಂದಿನಂತೆ ಆಕ್ಸಿಲರೇಟರ್ ಪೆಡಲ್ ಒತ್ತಿದಳು.

"ಮುಂದೆ."

"ಏನಪ್ಪ?"

ಅಪ್ಪನ ಲಕ್ವ ತಾಕದ ಕೈ ಅವಳ ಮೊಣಕಾಲನ್ನು ಹಿಡಿದು ಮೇಲಕ್ಕೆಳೆಯಿತು. ಬಹಳ ದೂರದಲ್ಲಿ, ಇಳಿಜಾರಿನ ಕೊನೆಗೆ, ಕೆಂಪು ದೀಪವೊಂದು ಉರಿಯುತ್ತಿತ್ತು. ಅವನು ಅದನ್ನು ನೋಡುತ್ತಿದ್ದನೋ, ಬರೀ ರಸ್ತೆಯನ್ನೋ. ಅವಳು ಪೆಡಲಿನಿಂದ ಕಾಲು ತೆಗೆದಳು.

ಎಂಜಿನ್ನಿನ ಸದ್ದು ತಗ್ಗಿತು. ಕಾರು ಪೆಟ್ರೋಲು ಬೇಡದೆ ತನ್ನಷ್ಟಕ್ಕೆ ಇಳಿಯತೊಡಗಿತು, ಹಿಂದೆ ಟ್ರೇಗಳು ಒಂದಕ್ಕೊಂದು ತಾಗಿ ಸಣ್ಣಗೆ ಕಟಕಟ ಎನ್ನುತ್ತಿದ್ದವು. ಅಪ್ಪ ಕೈ ತೆಗೆದಿರಲಿಲ್ಲ.