ಭಾನುವಾರದ ಹಾಸಿಗೆ

ನಮ್ಮ ಹೇಲಿ ಮೆಚ್ಚಿದ ಹುಡುಗನ ಹೆಸರು ಲೂಡೋ. ಫೋನಿನಲ್ಲಿ ಆ ಹೆಸರು ಕೇಳಿದ ಕೂಡಲೇ ನನ್ನ ಗಂಡ ಟೆರಿ, "ದಾಳ ಅವನೇ ತರ್ತಾನಾ, ನಾವೇ ತಂದಿಡ್ಬೇಕಾ?" ಎಂದು ಕೇಳಿ, ತನ್ನ ಮಾತಿಗೆ ತಾನೇ ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ನಗು ಬರಲಿಲ್ಲ. ಉತ್ತರ ಇಂಗ್ಲೆಂಡಿನ ನಮ್ಮ ಗ್ರಿಮ್ಸ್‌ಬಿಯಲ್ಲಿ ಯಾರೂ ಮಗನಿಗೆ ಅಂಥ ಹೆಸರಿಡುವುದಿಲ್ಲ. ಅದೇನಿದ್ದರೂ ದಕ್ಷಿಣದ ದೊಡ್ಡ ಮನೆಗಳವರ, ಮಕ್ಕಳನ್ನು ದುಬಾರಿ ಬೋರ್ಡಿಂಗ್ ಶಾಲೆಗೆ ಹಾಕುವವರ ಹೆಸರು.

ನಾನು ಇಪ್ಪತ್ತೆರಡು ವರ್ಷ ಸರ್ಕಾರಿ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ಹೇಲಿ ಓದಿದ್ದೂ ಅದೇ ಶಾಲೆಯಲ್ಲಿ. ಟೆರಿ ಬಸ್ ಓಡಿಸುತ್ತಾನೆ. ಹಾಗಿದ್ದೂ ಅವಳು ಡಾಕ್ಟರಾಗಿ ಈಗ ಲೀಡ್ಸ್‌ನಲ್ಲಿದ್ದಾಳೆ. 'ಹಾಗಿದ್ದೂ' ಎಂದು ನಾನೇ ಅಂದೆನಲ್ಲ, ನೋಡಿ. ಶಾಲೆ ನೋಡಿ ಮನುಷ್ಯರನ್ನು ಅಳೆಯುವ ಚಾಳಿ ನಮ್ಮನ್ನೂ ಬಿಟ್ಟಿಲ್ಲ.

ಈಸ್ಟರ್ ರಜೆಯಲ್ಲಿ ಅವಳು ಲೂಡೋನ ಮನೆಗೆ ಹೋಗಿದ್ದಳು. ಅಲ್ಲಿ ಅವನ ಸೋದರತ್ತೆ ಊಟದ ನಡುವೆ, "ಯಾವ ಶಾಲೆಯಮ್ಮ ನಿಂದು?" ಎಂದು ಕೇಳಿದಳಂತೆ. ನಾವು ಮಳೆ ಬಿಸಿಲು ವಿಚಾರಿಸುವ ಹಾಗೆ ಅವರು ಶಾಲೆ ವಿಚಾರಿಸುತ್ತಾರೆ. ಹೇಲಿ ಇದ್ದದ್ದನ್ನು ಹೇಳಿದಳು. "ಹೌದಾ? ನಿನ್ನ ನೋಡಿದ್ರೆ ಗೊತ್ತೇ ಆಗಲ್ಲ ಬಿಡು!" ಅಂದಳಂತೆ ಆ ಮಹಾತಾಯಿ, ಹೊಗಳುತ್ತಿದ್ದೇನೆ ಅಂದುಕೊಂಡು. ಹೇಲಿ ಇದನ್ನು ನಗುತ್ತಲೇ ಹೇಳಿದಳು. ನನಗೆ ಮಾತ್ರ ಮೈಯೆಲ್ಲ ಉರಿಯಿತು.

ಮೇ ತಿಂಗಳ ಒಂದು ಶನಿವಾರ ಇಬ್ಬರೂ ನಮ್ಮ ಮನೆಗೆ ಬರುವುದೆಂದು ಗೊತ್ತಾಯಿತು. ಸೋಮವಾರ ರಜೆಯಾದ್ದರಿಂದ ಎರಡು ರಾತ್ರಿ ಇರುತ್ತಾರೆ. ಹಿಂದಿನ ದಿನ ಹೇಲಿ ಫೋನ್ ಮಾಡಿದಳು.

"ಅಮ್ಮಾ, ಮದುವೆ ಆಗೋಣ ಅಂತಿದೀವಿ. ಭಾನುವಾರ ಊಟಕ್ಕೆ ಕೂತಾಗ ಕೇಳ್ತೀನಿ. ಅವನು ನಿನಗೆ ಹಿಡಿಸ್ಲಿಲ್ಲ ಅಂದ್ರೆ ಮುಖ ನೋಡಿ ಹೇಳ್ಬಿಡು. ನಿನ್ನ ಮನಸ್ಸು ನೋಯಿಸಿ ನನಗೆ ಮದುವೆ ಬೇಡ."

"ನೋಡೋಣ," ಅಂದೆ. ಒಳಗೊಳಗೆ ಬೇಡವೆಂದೇ ತೀರ್ಮಾನಿಸಿದ್ದೆ. ಅಂಥವರ ಮನೆ ಸೇರಿದರೆ ನನ್ನ ಮಗಳು ಜೀವನವಿಡೀ 'ಗೊತ್ತೇ ಆಗಲ್ಲ' ಅನ್ನಿಸಿಕೊಂಡು ಬದುಕಬೇಕು. ಆದರೂ ನಮ್ಮ ಕಡೆಯಿಂದ ಕೊರತೆಯಾಗಬಾರದೆಂದು ಅವನಿಗಾಗಿ ಮಹಡಿಯ ಸಣ್ಣ ಕೋಣೆ ತೊಳೆದು, ಹಳದಿ ಹೂವಿನ ಹೊಸ ಬೆಡ್‌ಶೀಟು ತಂದು, ಒಗೆದು, ಇಸ್ತ್ರಿ ಮಾಡಿ ಹಾಸಿದೆ. ತಲೆಗೂದಲೂ ಸೆಟ್ ಮಾಡಿಸಿಕೊಂಡೆ.

ಅವನು ಬಂದ. ಆರಡಿ ಎತ್ತರ, ಸ್ವೆಟರಿನ ಮೊಣಕೈಯಲ್ಲಿ ತೂತು. ನಾನು ಕೂದಲು ಸೆಟ್ ಮಾಡಿಸಿಕೊಂಡು ಕಾದರೆ ಇವನು ತೂತು ತೊಟ್ಟು ಬಂದಿದ್ದಾನೆ! ಹ್ಯಾಡಕ್ ಮೀನು, ಚಿಪ್ಸ್ ಬಡಿಸಿದೆ. ಟೆರಿ ವಿನಿಗರ್ ಚಿಮುಕಿಸಿ ಮುಗಿಸುವಷ್ಟರಲ್ಲಿ ಇವನ ತಟ್ಟೆ ಖಾಲಿ. ನಮ್ಮ ಜೊತೆ ಕೂರುವ ಕಷ್ಟ ಬೇಗ ಮುಗಿಯಲಿ ಅಂತಿರಬೇಕು, ಎಂದುಕೊಂಡೆ.

ಸಂಜೆ ಟೆರಿ ಅವನನ್ನು ಸಮುದ್ರದ ದಂಡೆಗೆ, ಅಲ್ಲಿಂದ ತನ್ನ ಕ್ಲಬ್ಬಿಗೆ ಕರೆದುಕೊಂಡು ಹೋದ. ಡಾರ್ಟ್ಸ್ ಆಡಿ ಇಬ್ಬರೂ ಸೋತು, ಹಾಡು ಗುನುಗುತ್ತಾ ಬಂದರು.

"ಒಳ್ಳೇ ಹುಡುಗ ಕಣೇ," ಅಂದ ಟೆರಿ.

"ನಿನಗೆ ಒಂದು ಗ್ಲಾಸ್ ಬಿಯರ್ ಕೊಡ್ಸಿದ್ರೆ ಸಾಕು, ದೆವ್ವನೂ ಒಳ್ಳೇದೇ," ಅಂದೆ.

ಭಾನುವಾರ ಬೆಳಿಗ್ಗೆ ಇಬ್ಬರೂ ವಾಕಿಂಗ್ ಹೋದರು. ಹಾಸಿಗೆ ಸರಿಪಡಿಸೋಣವೆಂದು ಮೇಲೆ ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಹಾಸಿಗೆ ಬರಿದಾಗಿತ್ತು. ನನ್ನ ಹಳದಿ ಹೂವಿನ ಬೆಡ್‌ಶೀಟನ್ನು ಕಿತ್ತು, ಅಂಗಡಿಯಲ್ಲಿಟ್ಟ ಹಾಗೆ ಚೌಕಾಕಾರವಾಗಿ ಮಡಿಸಿ, ಮೇಲೆ ದಿಂಬಿನ ಗವಸು ಇಟ್ಟು, ಕಾಲುದೆಸೆಯಲ್ಲಿ ಜೋಡಿಸಿದ್ದ. ಹೊರಡುವ ದಿನ ಹಾಗೆ ತೆಗೆದಿಟ್ಟರೆ ಅದು ಅತಿಥಿಯ ಒಳ್ಳೆಯತನ. ಆದರೆ ಇನ್ನೂ ಒಂದು ರಾತ್ರಿ ಮಲಗಬೇಕಾದವನು ಹೀಗೆ ಕಿತ್ತಿಟ್ಟರೆ ಏನರ್ಥ? ಇದು ಕೊಳೆ, ಬೇರೆ ಹಾಕು, ಅಂತ ತಾನೆ?

ಅವನ ಅತ್ತೆ ಬಾಯಲ್ಲಿ ಹೇಳಿದ್ದನ್ನು ಇವನು ಕೈಯಲ್ಲಿ ಹೇಳಿದ. ಕೆಳಗಿಳಿದು ಬಂದು ಗೋಮಾಂಸದ ತಟ್ಟೆಯನ್ನು ಓವನ್ನಿಗೆ ನೂಕಿದ ಸದ್ದಿಗೆ, ಪೇಪರ್ ಓದುತ್ತಿದ್ದ ಟೆರಿ ಎದ್ದು ಹಿತ್ತಲಿಗೆ ಹೋದ. ಮೂವತ್ತೈದು ವರ್ಷ ಸಂಸಾರ ಮಾಡಿದವನು, ಅಷ್ಟು ತಿಳಿವಳಿಕೆ ಇದೆ.

ಊಟಕ್ಕೆ ಕೂತೆವು. ಹೇಲಿ ಗಂಟಲು ಸರಿಮಾಡಿಕೊಂಡು, "ಅಮ್ಮಾ, ಅಪ್ಪಾ, ಒಂದು ವಿಷ್ಯ..." ಎಂದಳು.

"ಮೊದ್ಲು ನಂದೊಂದು ಮಾತಿದೆ," ಎಂದೆ. "ನಮ್ಮನೆ ಬೆಡ್‌ಶೀಟಲ್ಲಿ ನಿಮಗೇನಪ್ಪಾ ಕೊಳೆ ಕಾಣಿಸ್ತು?"

ಲೂಡೋ ಕೈಯಲ್ಲಿದ್ದ ಫೋರ್ಕ್ ಕೆಳಗಿಟ್ಟ. ಅವನಿಗೆ ನಿಜಕ್ಕೂ ಅರ್ಥವಾಗಲಿಲ್ಲ. ಆಮೇಲೆ ಕಿವಿಯವರೆಗೂ ಕೆಂಪಾದ.

"ಅಯ್ಯೋ, ಕಿತ್ಬಿಟ್ನಾ? ಕ್ಷಮಿಸಿ. ಇವತ್ತು ಭಾನುವಾರ ಅಲ್ವಾ..."

"ಭಾನುವಾರ ಆದ್ರೆ?"

"ಬೋರ್ಡಿಂಗ್ ಶಾಲೇಲಿ ಭಾನುವಾರ ಬೆಳಿಗ್ಗೆ ಗಂಟೆ ಹೊಡೆದ ತಕ್ಷಣ ಎಲ್ರೂ ಹಾಸಿಗೆ ಕಿತ್ತು ಮಡಿಸ್ಬೇಕಿತ್ತು. ಮಿಕ್ಕ ದಿನ ಮೂಲೆ ಮಡಿಸಿ ನೀಟಾಗಿ ಹಾಸ್ಬೇಕಿತ್ತು. ಹಾಸ್ಟೆಲ್ ನೋಡ್ಕೊಳೋ ಮೇಟ್ರನ್ ಬಂದು ಮೂಲೆ ಮೂಲೆ ನೋಡೋರು. ಸರಿಯಿಲ್ದಿದ್ರೆ ತಿಂಡಿ ಇಲ್ಲ. ಈಗ್ಲೂ ನಿದ್ದೆಗಣ್ಣಲ್ಲಿ ಕೈ ತಾನೇ ಮಾಡುತ್ತೆ. ಲೀಡ್ಸ್‌ನಲ್ಲೂ ಹಾಗೇ, ಹೇಲಿ ಬೈತಾಳೆ."

"ಎಷ್ಟು ವಯಸ್ಸಲ್ಲಿ ಹಾಕಿದ್ರು ನಿಮ್ಮನ್ನ?"

"ಎಂಟು ತುಂಬೋಕೆ ಇನ್ನೂ ಎರಡು ತಿಂಗಳಿತ್ತು."

"ರಜಕ್ಕೆ ಮನೆಗೆ ಹೋದಾಗ?"

"ಅಲ್ಲೂ ಮಾಡ್ತಿದ್ದೆ. ಚೆನ್ನಾಗಿ ಕಲ್ತಿದಾನೆ ಅಂತ ಅಮ್ಮ ಎಲ್ರಿಗೂ ತೋರಿಸೋರು." ಅವನು ನಕ್ಕ.

ನಾನು ಅವನ ತಟ್ಟೆ ನೋಡಿದೆ. ಆಗಲೇ ಖಾಲಿ.

"ಇಷ್ಟು ಬೇಗ ತಿನ್ನೋದೂ ಅಲ್ಲಿ ಕಲ್ತಿದ್ದಾ?"

"ಮೊದ್ಲು ಮುಗಿಸ್ದೋರಿಗೆ ಮಾತ್ರ ಎರಡನೇ ಸಲ ಸಿಗ್ತಿತ್ತು."

ನಾನು ಶಾಲೆಯ ಮಕ್ಕಳಿಗೆ ಬಡಿಸಿದವಳು. ಯಾರಿಗೆ ಬಟಾಣಿ ಸೇರುವುದಿಲ್ಲ, ಯಾರ ಮನೆಯಲ್ಲಿ ಬೆಳಿಗ್ಗೆ ಏನೂ ಬೇಯಲಿಲ್ಲ ಎನ್ನುವುದು ಮುಖ ನೋಡಿದರೆ ನನಗೆ ಗೊತ್ತಾಗುತ್ತಿತ್ತು. ಅವರು ಎಷ್ಟೇ ಬಡವರ ಮಕ್ಕಳಾಗಿರಲಿ, ಸಂಜೆಯಾದರೆ ಎಲ್ಲರೂ ಮನೆಗೆ ಓಡುತ್ತಿದ್ದರು. ನಮ್ಮ ಹೇಲಿಯೂ ಓಡಿ ಬರುತ್ತಿದ್ದಳು. ಈ ಹುಡುಗ ಎಲ್ಲಿಗೆ ಓಡಬೇಕಿತ್ತು?

ಹಾಗೆಂದು ನಾನು ಪೂರ್ತಿ ಕರಗಿ ನೀರಾದೆ ಅಂದುಕೊಳ್ಳಬೇಡಿ. ಅವನಿಗೆ ತಾನಾಗಿ ತೆರೆದ ಬಾಗಿಲುಗಳನ್ನು ನನ್ನ ಮಗಳು ಭುಜ ಕೊಟ್ಟು ನೂಕಿ ತೆರೆದಿದ್ದಾಳೆ. ಅದನ್ನು ನಾನು ಮರೆಯುವುದಿಲ್ಲ.

"ಅವತ್ತು ನಿಮ್ಮತ್ತೆ ಇವಳಿಗೆ 'ಗೊತ್ತೇ ಆಗಲ್ಲ' ಅಂದಾಗ ನೀವೇನು ಮಾಡಿದ್ರಿ?" ಎಂದೆ.

"ಅಮ್ಮಾ!" ಎಂದಳು ಹೇಲಿ.

"ಸುಮ್ನಿದ್ದೆ," ಎಂದ ಲೂಡೋ. ನನ್ನ ಮುಖ ನೋಡಿಯೇ ಹೇಳಿದ. "ಸುಮ್ನಿರಬಾರದಿತ್ತು. ಆಮೇಲೆ ನಾಚಿಕೆ ಆಯ್ತು. ಇನ್ನೊಂದು ಸಲ ಅಂದ್ರೆ ಸುಮ್ನಿರಲ್ಲ."

ಸಬೂಬು ಹೇಳಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತು. ನಾನು ಎದ್ದು ಓವನ್ನಿನಿಂದ ಮಾಂಸದ ಜೊತೆ ತಿನ್ನುವ, ಹಿಟ್ಟಿನ ಬನ್ನಿನಂಥ ಇನ್ನೊಂದು ಯಾರ್ಕ್‌ಶೈರ್ ಪುಡಿಂಗ್ ತೆಗೆದು ಅವನ ತಟ್ಟೆಗೆ ಹಾಕಿ, ಗ್ರೇವಿ ಸುರಿದೆ.

"ನಿಧಾನಕ್ಕೆ ತಿನ್ನು. ಇಲ್ಲಿ ಯಾರೂ ಕಿತ್ಕೊಳಲ್ಲ," ಎಂದೆ. ಆಮೇಲೆ ಮಗಳ ಕಡೆ ತಿರುಗಿ, "ನೀನೇನೋ ಹೇಳ್ಬೇಕಿತ್ತಲ್ಲೇ? ನನ್ನ ಒಪ್ಪಿಗೆ ಇದೆ. ದಿನ ಗೊತ್ತು ಮಾಡ್ಕೊಳ್ಳಿ," ಎಂದೆ.

ಹೇಲಿ ಅಳುತ್ತಾ ನಗುತ್ತಾ ನನ್ನ ಕೊರಳಿಗೆ ಬಿದ್ದಳು. "ದಾಳ ಬಿತ್ತು, ಆರು!" ಎಂದ ಟೆರಿ, ಎರಡು ದಿನದಿಂದ ಅದನ್ನೇ ಕಾದಿದ್ದವನ ಹಾಗೆ.

ಊಟವಾದ ಮೇಲೆ ಹಾಸಿಗೆ ಹಾಸಲು ಹೋದೆ. ಲೂಡೋ ಹಿಂದೆಯೇ ಬಂದು ಬೆಡ್‌ಶೀಟಿನ ಒಂದು ಮೂಲೆ ಹಿಡಿದ. ಅವನ ಕೈ ಮೇಲೆ ಒಂದೇಟು ಹಾಕಿದೆ.

"ಬಿಡು. ಈ ಮನೇಲಿ ಮಕ್ಕಳ ಹಾಸಿಗೆ ನಾನೇ ಹಾಸೋದು. ನೀನು ಬರೀ ನಿಂತ್ಕೊಂಡು ನೋಡು."

ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಅಷ್ಟುದ್ದದ ಹುಡುಗ ಗೋಡೆಗೊರಗಿ ನಿಂತೇ ಇದ್ದ.

ಸೋಮವಾರ ಬೆಳಿಗ್ಗೆ ಅವರು ಹೊರಟರು. ಕಾರು ತಿರುವು ದಾಟುವವರೆಗೆ ಕೈಬೀಸಿ, ಮೇಲೆ ಹೋಗಿ ಕೋಣೆಯ ಬಾಗಿಲು ತೆಗೆದೆ. ರಜಾಯಿ ಅರ್ಧ ನೆಲದ ಮೇಲೆ, ದಿಂಬು ಅಡ್ಡಡ್ಡ. ಬೆಡ್‌ಶೀಟಿನ ಒಂದು ಮೂಲೆಯಲ್ಲಿ ಮಾತ್ರ ಅಚ್ಚುಕಟ್ಟಾಗಿ ಮಡಿಸಿ, ಮತ್ತೆ ಬೇಕೆಂದೇ ಎಳೆದು ಬಿಚ್ಚಿದ ಗೆರೆಯಿತ್ತು. ಪಾಪ, ಎಷ್ಟು ಕಷ್ಟಪಟ್ಟನೋ. ಆ ಮುದ್ದೆಯಾದ ಹಾಸಿಗೆಯ ಮೇಲೆ ಕುಳಿತೆ. ಖುಷಿಯಾಯಿತು. ಅವತ್ತು ಸಂಜೆಯವರೆಗೂ ಅದನ್ನು ಸರಿಮಾಡಲಿಲ್ಲ.