ಎರಡು ಬೆರಳಿನ ಸಡಿಲ

ಅತ್ತೆಯ ಬಾಯಿ ಎಂಥದ್ದು ಅಂತ ಆ ಬೀದಿಗೆಲ್ಲ ಗೊತ್ತಿತ್ತು. ಅಂಗಿಗೆ ಹೊಲಿದ ಗುಂಡಿ ಒಂದು ಎಳೆ ಪಕ್ಕಕ್ಕೆ ಹೋದರೆ ಸೊಸೆಯ ಜನ್ಮ ಜಾಲಾಡುವ ಹೆಂಗಸು. ಟೀ ಬಿಸಿಯಾದರೂ ತಪ್ಪು, ಆರಿದರೂ ತಪ್ಪು. ಅಂಥವಳು ಆಸ್ಪತ್ರೆಯ ಮಂಚ ಹತ್ತಿದ್ದೇ ತಡ, ಬಾಯಿಗೆ ಹೊಲಿಗೆ ಹಾಕಿಸಿಕೊಂಡವಳ ಹಾಗೆ ಆಗಿಬಿಟ್ಟಳು. ಬಿಳಿ ಕೋಟು ಕಂಡರೆ ಸಾಕು, ಮುಖದ ತುಂಬ ನಗು. "ಚೆನ್ನಾಗಿದೀನಿ ಡಾಕ್ಟ್ರೇ, ಏನೂ ತೊಂದರೆ ಇಲ್ಲ." ಆರು ದಿನದಿಂದ ಇದೊಂದೇ ಮಾತು.

ತಮ್ಮದೇ ಟೈಲರ್ ಅಂಗಡಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ಅವಳ ಸೊಂಟದ ಮೂಳೆ ಮುರಿದಿತ್ತು. ಆಪರೇಶನ್ ಚೆನ್ನಾಗಿಯೇ ಆಗಿತ್ತು. ಆದರೆ ನಿನ್ನೆ ಸಂಜೆ ಒದ್ದೆ ಬಟ್ಟೆಯಲ್ಲಿ ಕಾಲು ಒರೆಸುವಾಗ ಬಲಗಾಲಿನ ಮೀನಖಂಡ ಸೊಸೆಯ ಅಂಗೈಗೆ ಬಿಸಿಯಾಗಿ, ಬಿಗಿಯಾಗಿ ಹತ್ತಿತು. ಅವಳಿಗೆ ಥಟ್ಟನೆ ಒಂದು ಸಂಗತಿ ನೆನಪಾಯಿತು. ಅಂಗಡಿಗೆ ಬರುವ ಗಿರಾಕಿಯೊಬ್ಬಳ ಗಂಡ ಹೀಗೇ ಆಪರೇಶನ್ ಮುಗಿಸಿ ಮನೆಗೆ ಹೋದವನು ಮೂರನೇ ದಿನ ಬಚ್ಚಲಿಗೆಂದು ಎದ್ದು ಅಲ್ಲೇ ಕುಸಿದಿದ್ದ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಎದೆಗೆ ಹೋಗಿ ಕೂತಿತಂತೆ. ಅದನ್ನು ಹೇಳುವಾಗ ಆ ಗಿರಾಕಿ ಹೊಲಿಯಲು ತಂದ ಬಟ್ಟೆಯನ್ನು ಹಿಂಡುತ್ತಲೇ ಇದ್ದಳು.

ಸೊಸೆ ಚೀಲದಿಂದ ಟೇಪು ತೆಗೆದಳು. ಟೈಲರಿಗೆ ಹೆದರಿಕೆಯಾದರೆ ಇನ್ನೇನು ಮಾಡುತ್ತಾಳೆ, ಅಳೆಯುತ್ತಾಳೆ. ಮಂಡಿಯ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದು, ಅಲ್ಲಿ ಟೇಪು ಸುತ್ತಿ, ಅಳತೆ ಪುಸ್ತಕದಲ್ಲಿ ಬರೆದಳು: ಹದಿನಾಲ್ಕು ಇಂಚು.

ಎಡಗಾಲಿಗೆ ಹೋಲಿಸೋಣವೆಂದರೆ ಅದೂ ಆಗುವಂತಿರಲಿಲ್ಲ. ನಲವತ್ತು ವರ್ಷ ಒಂದೇ ಕಾಲಿನಲ್ಲಿ ಹೊಲಿಗೆ ಯಂತ್ರ ತುಳಿದವಳಿಗೆ ಬಲಗಾಲು ಮೊದಲಿಂದಲೂ ದಪ್ಪ. ಅದು ಮಿಶಿನ್ ಕಾಲು, ಅದು ಇರೋದೇ ಹಾಗೆ ಎಂದು ಅತ್ತೆ ರೇಗಿದಳು. ನರ್ಸ್ ಬಂದು ನೋಡಿ, ಆಪರೇಶನ್ ಆದಮೇಲೆ ಸ್ವಲ್ಪ ಊತ ಇದ್ದೇ ಇರುತ್ತದೆ, ಬೆಳಿಗ್ಗೆ ಮತ್ತೆ ಅಳೆಯೋಣ, ಹೆಚ್ಚಾಗಿದ್ದರೆ ಡಾಕ್ಟರಿಗೆ ಹೇಳೋಣ ಎಂದಳು.

ಬೆಳಿಗ್ಗೆ ಡಾಕ್ಟರ ಮುಂದೆಯೇ ನರ್ಸ್ ಅದೇ ಗೆರೆಯ ಮೇಲೆ ಟೇಪು ಬಿಗಿಯಾಗಿ ಎಳೆದು ಅಳೆದಳು. ಹದಿನಾಲ್ಕು. ಸೊಸೆಯ ಪುಸ್ತಕದಲ್ಲೂ ಹದಿನಾಲ್ಕು. ಒಂದು ಕೂದಲೆಳೆಯಷ್ಟೂ ಹೆಚ್ಚಿಲ್ಲ. ನೋವಿದೆಯಾ ಎಂದು ಡಾಕ್ಟರು ಕೇಳಿದ್ದಕ್ಕೆ ಆ ಮಹಾತಾಯಿ ಹಲ್ಲು ಕಿರಿದು, ಇಲ್ಲವೇ ಇಲ್ಲ ಎಂದಳು. ಮುಗಿಯಿತಲ್ಲ! ಮಧ್ಯಾಹ್ನ ಮನೆಗೆ ಕಳಿಸಿ ಎಂದು ಬರೆದು ಡಾಕ್ಟರು ಮುಂದಿನ ಮಂಚಕ್ಕೆ ಹೋದರು. ಸೊಸೆ ಪುಸ್ತಕವನ್ನು ಮತ್ತೊಮ್ಮೆ ನೋಡಿದಳು. ಏನೆಂದು ಹೇಳುವುದು? ಅಂಕಿ ಅವಳ ಕೈಬರಹದಲ್ಲೇ ಇತ್ತು.

ಗಂಡ ಗಾಡಿ ತರುತ್ತೇನೆಂದು ಖುಷಿಯಿಂದ ಹೊರಟ. ಅವಳು ಬಟ್ಟೆ ಮಡಿಚಿ ಚೀಲಕ್ಕೆ ತುಂಬಿದಳು, ಮಾತ್ರೆಗಳನ್ನು ಎಣಿಸಿಟ್ಟಳು. ಆದರೂ ಮನೆಯ ಬಚ್ಚಲು ಕಣ್ಣ ಮುಂದೆ ಬಂದು ಬಂದು ಹೋಗುತ್ತಿತ್ತು. ಕೊನೆಗೆ ತಡೆಯಲಾರದೆ ಮತ್ತೆ ಟೇಪು ತೆಗೆದು ಗೆರೆಯ ಮೇಲೆ ಸುತ್ತಿದಳು. ಹದಿನೈದು.

ನರ್ಸ್ ಅಳೆದು ಒಂದು ಗಂಟೆಯೂ ಆಗಿಲ್ಲ, ಅಷ್ಟರಲ್ಲಿ ಇಂಚು ಬೆಳೆಯಲು ಇದೇನು ಸೋರೆಕಾಯಿಯೇ? ಬಗ್ಗಿ ನೋಡಿದಳು. ಆಗ ಕಂಡಿತು. ಟೇಪಿನ ಒಳಗೆ ಅವಳ ಎರಡು ಬೆರಳು.

ಮದುವೆಯಾಗಿ ಬಂದ ವರ್ಷ ಅತ್ತೆ ಕಲಿಸಿದ ಮೊದಲ ಪಾಠ ಅದು. ಟೇಪಿನೊಳಗೆ ಎರಡು ಬೆರಳು ಇಟ್ಟು ಅಳೆಯಬೇಕು, ಇಲ್ಲದಿದ್ದರೆ ತೊಟ್ಟವರು ಉಸಿರಾಡುವುದು ಹೇಗೆ? ಮರೆತಾಗಲೆಲ್ಲ ಬೆರಳಿನ ಮೇಲೆ ಸ್ಕೇಲಿನ ಏಟು ಬಿದ್ದಿತ್ತು. ಈಗ ಇಪ್ಪತ್ತು ವರ್ಷದ ಮೇಲೆ ಆ ಬೆರಳುಗಳು ಅವಳನ್ನು ಕೇಳದೆಯೇ ಒಳಗೆ ಹೋಗುತ್ತಿದ್ದವು. ನಿನ್ನೆಯೂ ಹೋಗಿದ್ದವು. ಅಂದರೆ ನಿನ್ನೆ ಕಾಲು ಇದ್ದದ್ದು ಹದಿಮೂರು. ನರ್ಸ್ ಬಿಗಿಯಾಗಿ ಅಳೆದದ್ದು ಹದಿನಾಲ್ಕು. ಒಂದೇ ರಾತ್ರಿಯಲ್ಲಿ ಒಂದಿಂಚು ಊದಿತ್ತು.

ಅವಳು ಟೇಪು ಹಿಡಿದೇ ಓಡಿದಳು. ಡಾಕ್ಟರು ಹೊರಟರು, ಇನ್ನು ಸಂಜೆಯೇ ಎಂದು ನರ್ಸ್ ಹೇಳುವುದು ಬೆನ್ನ ಹಿಂದೆ ಕೇಳಿಸಿತು. ಲಿಫ್ಟಿನ ಮುಂದೆ ಡಾಕ್ಟರು ಸಿಕ್ಕರು. ಅಂಗಡಿಯಲ್ಲಿ ಗಿರಾಕಿ ದನಿ ಎತ್ತಿದರೆ ಒಳಕೋಣೆಗೆ ಸರಿಯುವ ಹೆಂಗಸು ಲಿಫ್ಟಿನ ಬಾಗಿಲಿಗೆ ಅಡ್ಡ ನಿಂತಳು.

"ಡಾಕ್ಟ್ರೇ, ನಿನ್ನೆ ನಾನು ಬರೆದದ್ದು ತಪ್ಪು. ಬಟ್ಟೆಗೆ ಅಳೆಯೋ ಹಾಗೆ ಸಡಿಲ ಬಿಟ್ಟು ಅಳೆದುಬಿಟ್ಟಿದೀನಿ. ಕಾಲು ಊದಿದೆ."

ಡಾಕ್ಟರು ಗಡಿಯಾರ ನೋಡಿದರು. ನಿನ್ನೆಯದು ತಪ್ಪೆಂದರೆ ಇವತ್ತಿನ ನಿಮ್ಮ ಮಾತನ್ನು ಹೇಗೆ ನಂಬಲಿ ಎಂದರು. ನ್ಯಾಯವಾದ ಪ್ರಶ್ನೆಯೇ.

"ನನ್ನ ತಪ್ಪಿಗೂ ಅಳತೆ ಇದೆ ಡಾಕ್ಟ್ರೇ. ಎರಡೇ ಬೆರಳು."

ಹೇಳುತ್ತಲೇ ಅವರ ತೋಳಿಗೆ ಟೇಪು ಸುತ್ತಿಯೂಬಿಟ್ಟಳು. ಬೆರಳಿಟ್ಟು ಒಮ್ಮೆ, ಬೆರಳು ತೆಗೆದು ಒಮ್ಮೆ. ಸರಿಯಾಗಿ ಒಂದಿಂಚು ವ್ಯತ್ಯಾಸ. ಲಿಫ್ಟು ಬಂದು, ಬಾಗಿಲು ತೆರೆದು, ಮುಚ್ಚಿಕೊಂಡು ಹೋಯಿತು. ಡಾಕ್ಟರು ವಾರ್ಡಿನತ್ತ ತಿರುಗಿದರು.

ಅಷ್ಟರಲ್ಲಿ ಗಂಡ ಗಾಲಿಕುರ್ಚಿ ತಂದು ಮಂಚಕ್ಕೆ ಒತ್ತಿ ನಿಲ್ಲಿಸಿದ್ದ. ಅತ್ತೆ ಎದ್ದು ಕೂತಿದ್ದಳು, ಕಾಲು ನೆಲಕ್ಕೆ ಇನ್ನೊಂದು ಗೇಣು. ಎಬ್ಬಿಸಬೇಡಿ ಎಂದು ಡಾಕ್ಟರು ಬಾಗಿಲಿಂದಲೇ ಕೂಗಿದರು. ಮತ್ತೆ ಮಲಗಿಸಿ, ಎಲ್ಲಿ, ನನ್ನ ಮುಂದೆ ಅಳೆಯಿರಿ ಎಂದರು. ಅತ್ತೆಗೆ ಬೆರಳಿನ ಸಂಗತಿಯನ್ನು ಒಂದೇ ಉಸಿರಿಗೆ ಹೇಳಿ ಸೊಸೆ ಟೇಪು ಹಿಡಿದಳು. ಹಾಳು ಬೆರಳು, ಗಾಬರಿಯಲ್ಲಿ ಮತ್ತೆ ಒಳಗೇ ಹೋದವು.

"ಬೆರಳು ತೆಗಿಯೇ," ಎಂದಳು ಅತ್ತೆ, ಮೆಲ್ಲಗೆ. "ಬಿಗಿಯಾಗಿ ಎಳಿ."

ಎಳೆದಳು. ಹದಿನಾಲ್ಕು ದಾಟಿತ್ತು. ಅತ್ತೆ ಮುಖ ಕಿವುಚಿದಳು, ಕಣ್ಣಲ್ಲಿ ನೀರು.

"ನೋಯುತ್ತೆ ಕಣೇ. ನಿನ್ನೆಯಿಂದ ನೋಯ್ತಾ ಇದೆ. ಹೇಳಿದ್ರೆ ಮನೆಗೆ ಬಿಡಲ್ಲ ಅಂತ ಸುಮ್ಮನಿದ್ದೆ."

ಸ್ಕ್ಯಾನಿನಲ್ಲಿ ಹೆಪ್ಪು ತೊಡೆಯವರೆಗೂ ಕಂಡಿತು. ಇವತ್ತು ಗಾಡಿ ಹತ್ತಿಸಿದ್ದರೆ ಎಂದು ಶುರುಮಾಡಿದ ಡಾಕ್ಟರು ಮಾತು ಮುಗಿಸಲಿಲ್ಲ. ಗಂಡ ಗಾಡಿಯ ಕೀಲಿಯನ್ನು ಅಂಗೈಯಲ್ಲಿ ಹಿಡಿದು ಗೋಡೆಗೊರಗಿ ನಿಂತುಬಿಟ್ಟ. ಇಂಜೆಕ್ಷನ್ ಶುರುವಾಯಿತು. ಗಂಡಾಂತರ ಕಳೆಯಿತು ಎಂದು ಯಾರೂ ಹೇಳಲಿಲ್ಲ. ಅತ್ತೆ ಕೆಮ್ಮಿದರೆ ಸೊಸೆ ಬೆಚ್ಚುತ್ತಿದ್ದಳು, ಕೆಮ್ಮದೆ ಸುಮ್ಮನೆ ಮಲಗಿದರೆ ಇನ್ನೂ ಹೆಚ್ಚು ಬೆಚ್ಚುತ್ತಿದ್ದಳು. ಆರು ಗಂಟೆಗೊಮ್ಮೆ ಅಳೆದು ಬರೆದಳು, ಬೆರಳು ಹೊರಗಿದೆಯೇ ಎಂದು ಎರಡೆರಡು ಸಲ ನೋಡಿಕೊಂಡು.

ಮರುದಿನ ಬೆಳಿಗ್ಗೆ ಡಾಕ್ಟರು ಬಂದು, ಹೇಗಿದೀರಿ ಎಂದರು. ಅತ್ತೆಯ ಮುಖದಲ್ಲಿ ಆ ಹಳೆಯ ನಗು ಏಳತೊಡಗಿತು. ಬಾಯಿಯೂ ತೆರೆಯಿತು. ಸೊಸೆ ಪುಸ್ತಕವನ್ನು ಎದೆಗೊತ್ತಿಕೊಂಡು ಕಾದಳು. ಅತ್ತೆ ಅವಳನ್ನು ನೋಡಿದಳು, ನಗು ನುಂಗಿದಳು.

"ನನ್ನನ್ನ ಕೇಳಬೇಡಿ ಡಾಕ್ಟ್ರೇ, ನಾನು ಸುಳ್ಳು ಹೇಳ್ತೀನಿ. ಅವಳನ್ನ ಕೇಳಿ."